ಗೋಲಗುಮ್ಮಟದ ಮೇಲೆ ಕೊರಿಯಾ
ಯುದ್ಧಾನಂತರದ ಅಪರಿಚಿತ ಅಂಚೆಚೀಟಿಗಳನ್ನು ಗುರುತಿಸುವುದು ಹೇಗೆ?



ಅಂಚೆಚೀಟಿ ಸಂಗ್ರಹಿಸುವ ಹವ್ಯಾಸ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಸಾಮಾನ್ಯವಾಗಿ ಚೀಟಿಯ ಮೇಲೆ ದೇಶದ ಹೆಸರು, ಬೆಲೆ ಮತ್ತು ಒಂದು ಚಿತ್ರ ಇರುತ್ತವೆ. ಅದು ಎಲ್ಲಿಯದೆಂದು ತಿಳಿಯಲು ಕಷ್ಟವಾಗುವುದಿಲ್ಲ. ಆದರೆ ಕೆಲವು ಚೀಟಿಗಳಲ್ಲಿ ಚಿತ್ರ ಒಂದು ದೇಶದ್ದಾಗಿದ್ದರೆ, ಅದರ ಮೇಲೆ ಅಚ್ಚಾದ ಅಕ್ಷರಗಳು ಇನ್ನೊಂದು ದೇಶವನ್ನು ಹೆಸರಿಸುತ್ತವೆ. ಯುದ್ಧ ಮುಗಿದ ಮೇಲೆ ಬೇರೆ ದೇಶಗಳ ಸೈನ್ಯ ಬೀಡುಬಿಟ್ಟ ಪ್ರದೇಶಗಳಿಂದ ಇಂಥ ಚೀಟಿಗಳು ಹೆಚ್ಚಾಗಿ ಬರುತ್ತವೆ.

ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಲ್ಲಿ, ಹಳೆಯ ಮನೆಯೊಂದರ ಟ್ರಂಕಿನಲ್ಲಿ ನಿಮಗೆ ಒಂದು ಲಕೋಟೆ ಸಿಕ್ಕಿತು ಎಂದು ಭಾವಿಸಿ. ವಿಳಾಸದ ಕೊನೆಯಲ್ಲಿ ‘ಜಿಲ್ಲಾ ಧಾರವಾಡ’ ಎಂದಿದೆ. ಚೀಟಿಯ ಮೇಲೆ ವಿಜಯಪುರದ ಗೋಲಗುಮ್ಮಟದ ಚಿತ್ರವಿದೆ, ಬೆಲೆ 6 ಆಣೆ. ಆ ಚಿತ್ರದ ಮೇಲೆಯೇ ದೇವನಾಗರಿ ಲಿಪಿಯಲ್ಲಿ ‘ಕೊರಿಯಾ’ ಎಂಬ ಪದ ಅಚ್ಚಾಗಿದೆ. ಎಲ್ಲಿಯ ಗೋಲಗುಮ್ಮಟ, ಎಲ್ಲಿಯ ಕೊರಿಯಾ? ಈ ಒಗಟನ್ನು ಬಿಡಿಸುವ ಕ್ರಮವನ್ನು ಈಗ ನೋಡೋಣ.

ಮೇಲುಮುದ್ರೆ ಎಂದರೇನು?

ಒಮ್ಮೆ ಮುದ್ರಿಸಿ ಸಿದ್ಧವಾದ ಚೀಟಿಯ ಮೇಲೆ ಮತ್ತೊಮ್ಮೆ ಅಕ್ಷರಗಳನ್ನೋ ಅಂಕಿಯನ್ನೋ ಅಚ್ಚುಹಾಕುವುದಕ್ಕೆ ಓವರ್‌ಪ್ರಿಂಟ್, ಅಂದರೆ ಮೇಲುಮುದ್ರೆ, ಎನ್ನುತ್ತಾರೆ. ಸೈನ್ಯವೊಂದು ಹೊಸ ಸ್ಥಳಕ್ಕೆ ಹೋದಾಗ ಹೊಸ ಚೀಟಿಯ ವಿನ್ಯಾಸ ಮಾಡಿಸಿ ಅಚ್ಚುಹಾಕಿಸಲು ವ್ಯವಧಾನ ಇರುವುದಿಲ್ಲ. ಕೈಯಲ್ಲಿರುವ ಚೀಟಿಗೇ ಮುದ್ರೆ ಒತ್ತುವುದು ಸುಲಭ. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಒಂದು ಕಡೆ ಅಗ್ಗದ ಹಣದಲ್ಲಿ ಕೊಂಡ ಚೀಟಿಗಳನ್ನು ಇನ್ನೊಂದು ಕಡೆ ಒಯ್ದು ಲಾಭಕ್ಕೆ ಮಾರುವ ದಂಧೆಯನ್ನು ಮೇಲುಮುದ್ರೆ ತಡೆಯುತ್ತದೆ.

ಆದ್ದರಿಂದ ಅಪರಿಚಿತ ಚೀಟಿ ಕೈಗೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಮೂಲ ಚೀಟಿ ಯಾರದು? ಮೇಲುಮುದ್ರೆ ಏನು ಹೇಳುತ್ತದೆ? ಬೆಲೆ ಯಾವ ನಾಣ್ಯದಲ್ಲಿದೆ? ಅಂಚೆಯ ಠಸ್ಸೆ ಎಲ್ಲಿಯದು, ಯಾವ ದಿನಾಂಕದ್ದು?

ಮೂರನೆಯ ಪ್ರಶ್ನೆ ಎಷ್ಟು ಉಪಯುಕ್ತ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಮೊದಲನೆಯ ಮಹಾಯುದ್ಧದ ನಂತರ, 1919ರಲ್ಲಿ, ಇಂದಿನ ಇರಾಕಿನ ಮೊಸೂಲ್ ಪ್ರದೇಶದಲ್ಲಿ ತುರ್ಕಿಯ ಕಂದಾಯ ಚೀಟಿಗಳನ್ನೇ ಅಂಚೆಚೀಟಿಯಾಗಿ ಬಳಸಲಾಯಿತು. ಮೂಲ ಬರಹ ತುರ್ಕಿಯದು. ಆದರೆ ಮೇಲೆ ಒತ್ತಿದ ಬೆಲೆ ಆಣೆಗಳಲ್ಲಿದೆ! ಜೊತೆಗೆ ‘ಐ.ಇ.ಎಫ್. ಡಿ’ ಎಂದಿದೆ. ಅದರ ಅರ್ಥ ಭಾರತೀಯ ದಂಡಯಾತ್ರಾ ಪಡೆಯ ‘ಡಿ’ ವಿಭಾಗ. ಆಣೆ ಎಂಬ ಒಂದೇ ಪದ ಅಲ್ಲಿ ಯಾರ ಸೈನ್ಯ ಇತ್ತೆಂಬುದನ್ನು ಹೇಳಿಬಿಡುತ್ತದೆ.

ಜರ್ಮನಿಯ ನಾಲ್ಕು ವಲಯಗಳು

ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯನ್ನು 1945ರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟ ನಾಲ್ಕು ವಲಯಗಳಾಗಿ ಹಂಚಿಕೊಂಡವು. ದೊಡ್ಡದೊಂದು ‘ಎಂ’ ಅಕ್ಷರ ಮತ್ತು ‘ಎ.ಎಂ. ಪೋಸ್ಟ್’ ಎಂಬ ಬರಹ ಇದ್ದರೆ ಅದು ಮಿತ್ರರಾಷ್ಟ್ರಗಳ ಸೈನಿಕ ಆಡಳಿತದ ಚೀಟಿ. ಅಮೆರಿಕ ಮತ್ತು ಬ್ರಿಟಿಷ್ ವಲಯಗಳಲ್ಲಿ ಇದು ನಡೆಯುತ್ತಿತ್ತು. ಪ್ರಾಂತಗಳ ಲಾಂಛನ ಅಥವಾ ಗಯಟೆ, ಷಿಲ್ಲರ್, ಹೈನೆ ಇವರಲ್ಲೊಬ್ಬ ಕವಿಯ ಚಿತ್ರ ಇದ್ದು, ಫ್ರೆಂಚ್ ಭಾಷೆಯಲ್ಲಿ ಫ್ರೆಂಚ್ ವಲಯ ಎಂದು ಬರೆದಿದ್ದರೆ ಅದು ಆ ವಲಯದ್ದು. ಸೋವಿಯತ್ ವಲಯದಲ್ಲಿ ಬೇರೆಬೇರೆ ಪ್ರಾಂತಗಳು ತಮ್ಮವೇ ಚೀಟಿಗಳನ್ನು ಹೊರಡಿಸಿದವು. ಬರ್ಲಿನ್ ನಗರದ ಚೀಟಿಯಲ್ಲಿ ಆ ನಗರದ ಲಾಂಛನವಾದ ಕರಡಿಯನ್ನು ಕಾಣಬಹುದು.

1948ರ ಜೂನ್ ತಿಂಗಳಲ್ಲಿ ಪಶ್ಚಿಮದ ವಲಯಗಳಲ್ಲಿ ಹೊಸ ಹಣ ಜಾರಿಗೆ ಬಂತು. ಬೆಲೆ ಕಳೆದುಕೊಂಡ ಹಳೆಯ ಹಣದಲ್ಲಿ ಕೊಂಡಿಟ್ಟ ಚೀಟಿಗಳನ್ನು ಜನ ಹಾಗೆಯೇ ಬಳಸಿದರೆ ಅಂಚೆ ಇಲಾಖೆಗೆ ನಷ್ಟವಷ್ಟೆ? ಅದಕ್ಕಾಗಿ ಅಮೆರಿಕ ಮತ್ತು ಬ್ರಿಟಿಷ್ ವಲಯಗಳಲ್ಲಿ ಚೀಟಿಗಳ ಮೇಲೆ ಅಂಚೆಯ ಕೊಂಬಿನ ಗುರುತನ್ನು ಅಚ್ಚುಹಾಕಿದರು. ಸೋವಿಯತ್ ವಲಯದಲ್ಲೂ ಹಣ ಬದಲಾಯಿತು. ಅಲ್ಲಿ ಜರ್ಮನ್ ಭಾಷೆಯಲ್ಲಿ ‘ಸೋವಿಯತ್ ಆಕ್ರಮಿತ ವಲಯ’ ಎಂಬ ಅರ್ಥದ ಮೂರು ಪದಗಳನ್ನೇ ಒತ್ತಿದರು. ಒಂದೇ ಮೂಲ ಚೀಟಿಯ ಮೇಲೆ ಎರಡು ಬಗೆಯ ಮುದ್ರೆಗಳು! ಜರ್ಮನಿ ಎರಡು ದೇಶವಾದದ್ದು 1949ರಲ್ಲಿ. ಅಂಚೆಚೀಟಿಗಳಲ್ಲಿ ಆ ಒಡಕು ಒಂದು ವರ್ಷ ಮೊದಲೇ ಕಾಣಿಸಿಕೊಂಡಿತ್ತು.

ಜಪಾನಿನಲ್ಲಿ ನಮ್ಮವರು

ಸೋತ ಜಪಾನಿಗೆ 1946ರಲ್ಲಿ ಬ್ರಿಟಿಷ್ ಕಾಮನ್‌ವೆಲ್ತ್ ಪಡೆ ಹೋಯಿತು. ಆಸ್ಟ್ರೇಲಿಯದ ಚೀಟಿಯ ಮೇಲೆ ‘ಬಿ.ಸಿ.ಓ.ಎಫ್. ಜಪಾನ್ 1946’ ಎಂಬ ಮೇಲುಮುದ್ರೆ ಇದ್ದರೆ ಅದು ಈ ಪಡೆಯದು. ಚೀಟಿಗಳ ವ್ಯಾಪಾರದಿಂದ ಹಣ ಮಾಡುವುದನ್ನು ತಡೆಯಲು ಒಟ್ಟು 7 ಬೆಲೆಗಳಲ್ಲಿ ಇವನ್ನು ಹೊರಡಿಸಲಾಯಿತು. 1949ರಲ್ಲಿ ಇವು ನಿಂತವು.

ಈ ಪಡೆಯಲ್ಲಿ ಭಾರತೀಯ ಸೈನಿಕರೂ ಇದ್ದರು. ಅವರ 268ನೆಯ ಬ್ರಿಗೇಡಿನ ನಾಯಕರು ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು. ಬೆಳಗಾವಿಯಲ್ಲಿ ತರಬೇತಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಒಂದು ಬೆಟಾಲಿಯನ್ ಅದರಲ್ಲಿತ್ತು. ಭಾರತೀಯ ತುಕಡಿ 1947ರಲ್ಲಿ ಹಿಂದಿರುಗಿತು.

ಒಗಟಿನ ಉತ್ತರ

ಈಗ ಚಿಕ್ಕೇರೂರಿನ ಲಕೋಟೆಗೆ ಬರೋಣ. 1953ರ ಜುಲೈ 27ರಂದು ಕೊರಿಯಾದಲ್ಲಿ ಕದನ ನಿಂತಿತು. ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಅಲ್ಲಿದ್ದರು. ಅವರ ಇಚ್ಛೆ ಏನೆಂದು ವಿಚಾರಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗ ನೇಮಕವಾಯಿತು. ಅದರ ಅಧ್ಯಕ್ಷತೆ ವಹಿಸಿದವರೂ ತಿಮ್ಮಯ್ಯನವರೇ. ಕೈದಿಗಳನ್ನು ಕಾಯುವ ಭಾರತೀಯ ಪಡೆಗೆ ಎಸ್. ಪಿ. ಪಿ. ಥೋರಟ್ ಮುಖ್ಯಸ್ಥರಾಗಿದ್ದರು.

ಈ ಪಡೆಯ ಬಳಕೆಗೆಂದು 1949ರ ಪುರಾತತ್ವ ಮಾಲೆಯ 12 ಬೆಲೆಗಳ ಚೀಟಿಗಳ ಮೇಲೆ ಹಿಂದಿಯಲ್ಲಿ ‘ಭಾರತೀಯ ಸಂರಕ್ಷಾ ಕಟಕ ಕೊರಿಯಾ’ ಎಂದು ಮುದ್ರಿಸಲಾಯಿತು. ಆ ಮಾಲೆಯ 6 ಆಣೆಯ ಚೀಟಿಯಲ್ಲಿರುವುದೇ ಗೋಲಗುಮ್ಮಟ. ವಿದೇಶದ ಸಂಗ್ರಾಹಕರು ಈ ಬರಹ ಓದಲಾಗದೆ ಕ್ಯಾಟಲಾಗ್ ಹುಡುಕಬೇಕು. ಶಾಲೆಯಲ್ಲಿ ಹಿಂದಿ ಕಲಿತ ನಿಮಗೆ ಆ ತೊಂದರೆಯಿಲ್ಲ. ‘ಕಟಕ’ ಎಂದರೆ ಸೈನ್ಯ ಎಂಬುದು ಹಳಗನ್ನಡ ಓದಿದವರಿಗೂ ಗೊತ್ತು. ‘ಸಂರಕ್ಷಾ’ ಎಂಬ ಪದವನ್ನು ವಿಶೇಷವಾಗಿ ಗಮನಿಸಿ. ಜರ್ಮನಿಯ ಚೀಟಿ ‘ಆಕ್ರಮಿತ’ ಎನ್ನುತ್ತದೆ, ಈ ಚೀಟಿ ‘ಸಂರಕ್ಷಾ’ ಎನ್ನುತ್ತದೆ. ಪರದೇಶದಲ್ಲಿ ಸೈನ್ಯ ಯಾವ ಅಧಿಕಾರದಿಂದ ನಿಂತಿತ್ತು ಎಂಬುದನ್ನು ಮೇಲುಮುದ್ರೆಯೇ ಸಾರುತ್ತದೆ.

ಇದೇ ಕ್ರಮದಲ್ಲಿ 1954ರಲ್ಲಿ ವಿಯೆಟ್ನಾಂ, ಲಾವೋಸ್ ಮತ್ತು ಕಾಂಬೋಡಿಯಗಳಿಗೆ ಹೋದ ಅಂತರರಾಷ್ಟ್ರೀಯ ಆಯೋಗದ ಭಾರತೀಯರಿಗಾಗಿ, 1962ರಲ್ಲಿ ಕಾಂಗೋಕ್ಕೆ ಹೋದ ವಿಶ್ವಸಂಸ್ಥೆಯ ಪಡೆಯಲ್ಲಿದ್ದವರಿಗಾಗಿ ಮೇಲುಮುದ್ರೆಗಳು ಬಂದವು. 1965ರಲ್ಲಂತೂ ನೆಹರೂ ಅವರ ಒಂದೇ 15 ಪೈಸೆಯ ಚೀಟಿಗೆ ಎರಡು ಮುದ್ರೆಗಳು ಬಿದ್ದವು. ‘ಯು.ಎನ್.ಇ.ಎಫ್.’ ಎಂದಿದ್ದರೆ ಅದು ಗಾಜಾದ್ದು, ‘ಐ.ಸಿ.ಸಿ.’ ಎಂದಿದ್ದರೆ ಇಂಡೋಚೈನಾದ್ದು.

ಅಸಲಿಯೋ ನಕಲಿಯೋ?

ಅಗ್ಗದ ಚೀಟಿಯ ಮೇಲೆ ಕಳ್ಳ ಮುದ್ರೆ ಒತ್ತಿ ದುಬಾರಿ ಬೆಲೆಗೆ ಮಾರುವವರಿದ್ದಾರೆ. ಜಪಾನಿನ ಮೇಲುಮುದ್ರೆಗಳಲ್ಲಿ ನಕಲಿಗಳು ಬಹಳ. ಒಂದು ಸರಳ ಪರೀಕ್ಷೆ ಇದೆ. ಬಳಸಿದ ಚೀಟಿಯನ್ನು ಭೂತಗನ್ನಡಿಯಲ್ಲಿ ನೋಡಿ. ಅಸಲಿ ಚೀಟಿಯಲ್ಲಿ ಮೇಲುಮುದ್ರೆ ಮೊದಲು, ಠಸ್ಸೆ ನಂತರ. ಆದ್ದರಿಂದ ಠಸ್ಸೆಯ ಮಸಿ ಮೇಲುಮುದ್ರೆಯ ಮೇಲೆ ಹಾದುಹೋಗಿರಬೇಕು. ಮೇಲುಮುದ್ರೆಯೇ ಠಸ್ಸೆಯ ಮೇಲೆ ಕುಳಿತಿದ್ದರೆ, ಅದು ಆಮೇಲೆ ಯಾರೋ ಸೇರಿಸಿದ್ದು.

ನೀರಿಗೆ ಹಾಕುವ ಮುನ್ನ

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಇಂಥ ಲಕೋಟೆ ಸಿಕ್ಕರೆ ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಬೇಡಿ, ಕತ್ತರಿಸಲೂ ಬೇಡಿ. ಸೈನ್ಯದ ಕ್ಷೇತ್ರ ಅಂಚೆ ಕಚೇರಿಯ ಠಸ್ಸೆಯಲ್ಲಿ ‘ಎಫ್.ಪಿ.ಓ.’ ಎಂದೂ ಒಂದು ಸಂಖ್ಯೆಯೂ ಇರುತ್ತವೆ. ರಹಸ್ಯದ ಕಾರಣ ಊರಿನ ಹೆಸರು ಇರುವುದಿಲ್ಲ. ಆ ಸಂಖ್ಯೆ ಮತ್ತು ದಿನಾಂಕಗಳಿಂದಲೇ ಕಾಗದ ಎಲ್ಲಿಂದ ಹೊರಟಿತೆಂದು ಕಂಡುಹಿಡಿಯಬೇಕು. ವಿಳಾಸವೂ ಸಾಕ್ಷಿ ಹೇಳುತ್ತದೆ. ‘ಜಿಲ್ಲಾ ಧಾರವಾಡ’ ಎಂದಿದ್ದರೆ ಅದು 1997ರಲ್ಲಿ ಹಾವೇರಿ ಜಿಲ್ಲೆ ಆಗುವುದಕ್ಕಿಂತ ಮುಂಚಿನ ಕಾಗದ ಇದ್ದೀತು. ‘ಮುಂಬಯಿ ರಾಜ್ಯ’ ಎಂದಿದ್ದರೆ 1956ರ ನವೆಂಬರ್ 1ರ ಏಕೀಕರಣಕ್ಕಿಂತ ಮುಂಚಿನದು. ಬೆಲೆ ಆಣೆಯಲ್ಲಿದ್ದರೆ ಆ ಚೀಟಿ 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವ ಮೊದಲು ಅಚ್ಚಾದದ್ದು. ಲಕೋಟೆಯ ಹಿಂಭಾಗದಲ್ಲಿ ಬಟವಾಡೆಯ ಠಸ್ಸೆ ಇದೆಯೇ ಎಂದೂ ನೋಡಿ.

ಬಿಡಿಸಿದ ಚೀಟಿಗೆ ಆಲ್ಬಮ್ಮಿನಲ್ಲಿ ಒಂದು ಮನೆ ಸಿಗುತ್ತದೆ, ಅಷ್ಟೆ. ಲಕೋಟೆಯಲ್ಲೇ ಉಳಿದ ಚೀಟಿ, ನಿಮ್ಮ ಊರಿನ ಒಬ್ಬ ಸೈನಿಕ ಸಮುದ್ರದಾಚೆ ಕೈದಿಗಳನ್ನು ಕಾಯುತ್ತ ಮನೆಗೆ ಕಾಗದ ಬರೆದನೆಂಬುದಕ್ಕೆ ಪುರಾವೆ. ಎಷ್ಟೋ ಮನೆಗಳಲ್ಲಿ ಅದನ್ನು ಬಿಟ್ಟರೆ ಬೇರೆ ಪುರಾವೆ ಉಳಿದಿರಲಾರದು.

ಲಕೋಟೆಯನ್ನು ಬಿಸಿಲು, ತೇವ, ಗೆದ್ದಲುಗಳಿಂದ ದೂರವಿಡಿ. ಅಂಟು ಟೇಪು ಹಚ್ಚಬೇಡಿ. ಅದರ ಎರಡೂ ಬದಿಯ ವಿವರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಂತರ ಮನೆಯ ಹಿರಿಯರ ಬಳಿ ಕುಳಿತು, ಇದನ್ನು ಬರೆದವರು ಯಾರು, ಎಲ್ಲಿದ್ದರು, ಏನು ಹೇಳುತ್ತಿದ್ದರು ಎಂದು ಕೇಳಿ. ನಾಲ್ಕು ಪ್ರಶ್ನೆಗಳಿಗೆ ಚೀಟಿ ಉತ್ತರಿಸುತ್ತದೆ. ಈ ಐದನೆಯದಕ್ಕೆ ಉತ್ತರಿಸಬೇಕಾದವರು ಅವರೇ. ಅವರಿರುವಾಗಲೇ ಕೇಳಿಕೊಳ್ಳಿ.