ಇಬ್ಬರು ಸಾಕ್ಷಿಗಳ ನಿಯಮ ಮತ್ತು ವಾಲ್ಟರ್ ರಾಲಿಯ ವಿಚಾರಣೆ

ಇಬ್ಬರು ಅಥವಾ ಮೂವರು ಸಾಕ್ಷಿಗಳಿಲ್ಲದೆ ಯಾರಿಗೂ ಮರಣದಂಡನೆ ವಿಧಿಸಕೂಡದೆಂಬ ಧರ್ಮೋಪದೇಶಕಾಂಡದ ವಿಧಿಯನ್ನು (17:6, 19:15) ನಮ್ಮಲ್ಲಿ ಬಹುಮಂದಿ ಮತ್ತಾಯ 18ರ ಮೂಲಕ, ಸಭಾಶಿಸ್ತಿನ ಪಾಠವಾಗಿಯೇ ಬಲ್ಲರು. 1603ರ ನವೆಂಬರ್ 17ರಂದು ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಅದು ಒಬ್ಬನ ಪ್ರಾಣದ ಪ್ರಶ್ನೆಯಾಯಿತು. ಲಂಡನ್ನಿನಲ್ಲಿ ಪ್ಲೇಗ್ ಹರಡಿದ್ದರಿಂದ ನ್ಯಾಯಾಲಯವು ಅಲ್ಲಿ ಸೇರಿತ್ತು. ಆರೋಪಿ ಸರ್ ವಾಲ್ಟರ್ ರಾಲಿ. ಜೇಮ್ಸ್ ಅರಸನನ್ನು ಕೆಳಗಿಳಿಸಿ ಅರಬೆಲ್ಲಾ ಸ್ಟುವರ್ಟಳನ್ನು ಸಿಂಹಾಸನಕ್ಕೇರಿಸಲು ಲಾರ್ಡ್ ಕೋಬಮ್ಮನೊಡನೆ ಸೇರಿ ಸಂಚು ಹೂಡಿದನೆಂಬುದು ಆರೋಪ.

ಆ ಕಾಲದ ರಾಜದ್ರೋಹದ ವಿಚಾರಣೆಯಲ್ಲಿ ಆರೋಪಿಗೆ ವಕೀಲನಿರಲಿಲ್ಲ. ದೋಷಾರೋಪಣ ಪತ್ರದ ಪ್ರತಿಯೂ ಅವನಿಗೆ ದೊರೆಯುತ್ತಿರಲಿಲ್ಲ. ರಾಲಿಯ ವಿರುದ್ಧವಿದ್ದ ಮುಖ್ಯ ಆಧಾರವೆಂದರೆ ಕೋಬಮ್ಮನ ಬರಹರೂಪದ ಹೇಳಿಕೆ. ಅದನ್ನು ಅವನು ಒಮ್ಮೆ ಹಿಂತೆಗೆದುಕೊಂಡು ಮತ್ತೆ ಸಮರ್ಥಿಸಿದ್ದನು. ನ್ಯಾಯಾಲಯದಲ್ಲಿ ಪ್ರತ್ಯಕ್ಷನಾಗಿ ನಿಂತು ನುಡಿದ ಡೈಯರ್ ಎಂಬ ನಾವಿಕನಾದರೋ ಲಿಸ್ಬನ್ನಿನಲ್ಲಿ ಯಾರೋ ಆಡಿದ ಮಾತನ್ನು ಕೇಳಿದ್ದವನು, ಅಷ್ಟೆ. ಸರಕಾರದ ಪರ ವಾದಿಸಿದ ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ರಾಲಿಯನ್ನು ಬೇಕೆಂದೇ ಏಕವಚನದಲ್ಲಿ ಸಂಬೋಧಿಸಿ ಹೀಯಾಳಿಸಿದನು. ಕನ್ನಡಿಗರಾದ ನಮಗೆ ಆ ಅವಮಾನದ ತೀಕ್ಷ್ಣತೆಯನ್ನು ವಿವರಿಸಬೇಕಾಗಿಲ್ಲ.

ರಾಲಿಯ ಪ್ರತಿವಾದ ಎರಡು ನೆಲೆಗಳಲ್ಲಿ ನಿಂತಿತ್ತು. ಆರನೆಯ ಎಡ್ವರ್ಡನ ಕಾಲದ ಶಾಸನಗಳು ರಾಜದ್ರೋಹಕ್ಕೆ ಇಬ್ಬರು ಸಾಕ್ಷಿಗಳನ್ನು ಕೇಳಿದ್ದವು, 1552ರ ಶಾಸನವು ಅವರನ್ನು ಆರೋಪಿಯ ಮುಂದೆ ತರಬೇಕೆಂದೂ ಹೇಳಿತ್ತು, ಇದು ಮೊದಲನೆಯದು. ದೇವರ ಧರ್ಮಶಾಸ್ತ್ರವೂ ಅದನ್ನೇ ವಿಧಿಸುತ್ತದೆಂಬುದು ಎರಡನೆಯದು. ಮೇರಿ ರಾಣಿಯ ಕಾಲದ ಶಾಸನವು ಹಳೆಯ ಪದ್ಧತಿಯನ್ನು ಪುನಃಸ್ಥಾಪಿಸಿರುವುದರಿಂದ ಆ ನಿಯಮ ಈಗ ಜಾರಿಯಲ್ಲಿಲ್ಲವೆಂದು ನ್ಯಾಯಾಧೀಶರು ಉತ್ತರಿಸಿದರು. ಸಾಕ್ಷಿಗಳಿಲ್ಲದೆ ಶಿಕ್ಷಿಸಲಾಗದೆಂದರೆ ಎಷ್ಟೋ ಕುದುರೆಗಳ್ಳರು ತಪ್ಪಿಸಿಕೊಂಡಾರೆಂದು ನ್ಯಾಯಾಧೀಶ ವಾರ್ಬರ್ಟನ್ ಆಕ್ಷೇಪಿಸಿದನು. ಶಾಸನದ ವಾದಕ್ಕೆ ಶಾಸನದ ಉತ್ತರ ಬಂತು. ವೇದದ ವಾದಕ್ಕೆ ಉತ್ತರವೇ ಬರಲಿಲ್ಲವೆಂದು ನನಗೆ ತೋರುತ್ತದೆ.

ಆಗ ರಾಲಿ ತನ್ನ ಬೇಡಿಕೆಯನ್ನು ಕುಗ್ಗಿಸಿದನು: ಕೋಬಮ್ ಬದುಕಿದ್ದಾನೆ, ಹತ್ತಿರದಲ್ಲೇ ಇದ್ದಾನೆ, ಅವನೊಬ್ಬನನ್ನಾದರೂ ಎದುರಿಗೆ ಕರೆತನ್ನಿರಿ. ಇಲ್ಲಿ ಅವನು ಸುಸನ್ನಳ ಕಥೆಯನ್ನು ಸ್ಮರಿಸಿದ್ದು ಅರ್ಥಪೂರ್ಣ. ಸುಸನ್ನಳ ವಿರುದ್ಧ ಸಾಕ್ಷಿಗಳ ಕೊರತೆಯಿರಲಿಲ್ಲ. ಇಬ್ಬರಿದ್ದರು, ಇಬ್ಬರೂ ಹಿರಿಯರು, ಇಬ್ಬರ ಮಾತೂ ಒಂದೇ. ಅವಳು ಬದುಕಿದ್ದು ದಾನಿಯೇಲನು ಅವರನ್ನು ಬೇರ್ಪಡಿಸಿ, ಯಾವ ಮರದ ಕೆಳಗೆ ಎಂದು ಪ್ರತ್ಯೇಕವಾಗಿ ಪ್ರಶ್ನಿಸಿದ್ದರಿಂದ. ನಾಬೋತನನ್ನು ಕಲ್ಲೆಸೆದು ಕೊಂದದ್ದೂ ಇಬ್ಬರು ಸಾಕ್ಷಿಗಳ ಮಾತಿನ ಮೇಲೆಯೇ (1 ಅರಸುಗಳು 21). ಧರ್ಮೋಪದೇಶಕಾಂಡವು 19:15ರಲ್ಲಿ ಸಂಖ್ಯೆಯನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ವ್ಯಾಜ್ಯದ ಇಬ್ಬರೂ ನ್ಯಾಯಾಧಿಪತಿಗಳ ಮುಂದೆ ನಿಲ್ಲಬೇಕು, ಅವರು ಚೆನ್ನಾಗಿ ವಿಚಾರಿಸಬೇಕು ಎಂದು ಮುಂದುವರಿಯುತ್ತದೆ (19:17-18).

1 ತಿಮೊಥೆಯ 5:19ನ್ನು ಸಭಾಸಮಿತಿಗಳಲ್ಲಿ ಉದ್ಧರಿಸುವವರು ಇದನ್ನು ಗಮನಿಸಬೇಕು. ಮುಚ್ಚಿದ ಕೋಣೆಯೊಳಗೆ ಅನ್ಯಾಯಕ್ಕೊಳಗಾದವರಿಗೆ ಎರಡನೆಯ ಸಾಕ್ಷಿಯಿರುವುದು ವಿರಳ. ಸಂಖ್ಯೆಯನ್ನಷ್ಟೇ ಎಣಿಸಿ ಅಂಥ ದೂರನ್ನು ತಳ್ಳಿಹಾಕಿದರೆ, ದುರ್ಬಲರನ್ನು ಕಾಯಲೆಂದು ಬಂದ ವಿಧಿಯು ಬಲಿಷ್ಠರ ಗುರಾಣಿಯಾಗುತ್ತದೆ. ಅದೇ ರೀತಿ, ಗೈರುಹಾಜರಾದವನ ಪತ್ರವೊಂದನ್ನು ಓದಿ ಬೋಧಕನನ್ನು ವಜಾಮಾಡುವ ಸಮಿತಿಯು ವಿಂಚೆಸ್ಟರಿನ ದಾರಿಯನ್ನೇ ಹಿಡಿದಿದೆ. ಎರಡು ಸಂದರ್ಭಗಳಲ್ಲೂ ಬಿಟ್ಟುಹೋದದ್ದು ವಿಚಾರಣೆಯೇ.

ಜ್ಯೂರಿ ಕಾಲು ಗಂಟೆಯಲ್ಲಿ ತೀರ್ಪು ನೀಡಿತು. ರಾಲಿ ಹದಿಮೂರು ವರ್ಷ ಟವರ್ ಸೆರೆಯಲ್ಲಿದ್ದು, ಬಿಡುಗಡೆ ಹೊಂದಿ, ಗಯಾನಾ ಯಾತ್ರೆಯಲ್ಲಿ ವಿಫಲನಾಗಿ ಮರಳಿದ ಮೇಲೆ 1618ರ ಅಕ್ಟೋಬರ್ 29ರಂದು ಅದೇ ಹಳೆಯ ತೀರ್ಪಿನಂತೆ ಶಿರಚ್ಛೇದನಕ್ಕೆ ಗುರಿಯಾದನು. ಕೋಕ್ ತೀರಿಕೊಂಡ ಬಳಿಕ, 1644ರಲ್ಲಿ, ಅವನ ‘ಇನ್‌ಸ್ಟಿಟ್ಯೂಟ್ಸ್’ನ ಮೂರನೆಯ ಭಾಗ ಪ್ರಕಟವಾಯಿತು. ರಾಜದ್ರೋಹಕ್ಕೆ ಇಬ್ಬರು ಸಾಕ್ಷಿಗಳು ಬೇಕು, ಮೇರಿಯ ಶಾಸನವು ಆ ನಿಯಮವನ್ನು ರದ್ದುಮಾಡಿಲ್ಲ ಎಂದು ಅವನೇ ಅದರಲ್ಲಿ ಬರೆದಿದ್ದನು. ವಕೀಲನ ನೆರವು, ದೋಷಾರೋಪಣೆಯ ಪ್ರತಿ, ಇಬ್ಬರು ಸಾಕ್ಷಿಗಳು ಇವು ಮೂರೂ ಇಂಗ್ಲೆಂಡಿನ ರಾಜದ್ರೋಹದ ಆರೋಪಿಗೆ ಒಟ್ಟಾಗಿ ದೊರೆತದ್ದು 1696ರ ಶಾಸನದಿಂದ.