ಮೂರು ಚಕ್ರದ ವಾಹನ: ಹೊರೆ, ಜೊತೆಗಾರ ಮತ್ತು ಸುರಕ್ಷಿತ ಸವಾರಿ

ಮುಂಬಯಿ, ಪುಣೆ, ದಿಲ್ಲಿಯಂತಹ ನಗರಗಳಲ್ಲಿ 1970 ಮತ್ತು 80ರ ದಶಕಗಳನ್ನು ಕಂಡವರಿಗೆ ಸೈಡ್‌ಕಾರ್ ಜೋಡಿಸಿದ ಸ್ಕೂಟರಿನ ದೃಶ್ಯ ಮರೆತಿರಲಾರದು. ಮುಂದೆ ಯಜಮಾನರು, ಪಕ್ಕದ ತೊಟ್ಟಿಲಿನಲ್ಲಿ ಮಡಿಲ ಮಗುವಿನೊಡನೆ ಗೃಹಿಣಿ, ಅವರ ಕಾಲಬಳಿ ತರಕಾರಿಯ ಚೀಲ: ಕಾರು ಕೊಳ್ಳಲಾಗದ ಮಧ್ಯಮ ವರ್ಗದ ಸಂಸಾರಕ್ಕೆ ಅದೇ ರಥವಾಗಿತ್ತು. ಇಂದು ಸೈಡ್‌ಕಾರುಗಳು ವಿರಳವಾಗಿವೆ. ಆದರೆ ಹಿಂಬದಿಯ ಚಕ್ರದ ಎರಡು ಪಕ್ಕಗಳಿಗೂ ಹೆಚ್ಚಿನ ಚಕ್ರಗಳನ್ನು ಜೋಡಿಸಿದ ಸ್ಕೂಟರುಗಳನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು. ಪೋಲಿಯೊ, ಬೆನ್ನುಹುರಿಯ ಪೆಟ್ಟು ಅಥವಾ ಅಂಗಚ್ಛೇದದಿಂದ ನಡಿಗೆ ಕಷ್ಟವಾದ ಸಾವಿರಾರು ಜನರು ಉದ್ಯೋಗಕ್ಕೆ ಹೋಗಿಬರುವುದು ಇಂತಹ ವಾಹನಗಳಲ್ಲಿಯೇ. ಜೊತೆಗೆ ಮಕ್ಕಳನ್ನು ಶಾಲೆಗೆ ಬಿಡುವವರೂ, ಸಣ್ಣ ವ್ಯಾಪಾರದ ಸರಕು ಸಾಗಿಸುವವರೂ ಅವರಲ್ಲಿದ್ದಾರೆ.

ಮೂರು ಚಕ್ರದ ವಾಹನ ನಿಂತಲ್ಲಿ ಬೀಳುವುದಿಲ್ಲ. ಆದುದರಿಂದ ಅದು ಎರಡು ಚಕ್ರದ ವಾಹನಕ್ಕಿಂತ ಎಲ್ಲ ವಿಧದಲ್ಲಿಯೂ ಭದ್ರವೆಂದು ಜನರು ನಂಬುತ್ತಾರೆ. ಈ ನಂಬಿಕೆಯೇ ಅನೇಕ ಅಪಘಾತಗಳ ಮೂಲ. ನಿಂತಾಗ ಭದ್ರವಾಗಿರುವ ವಾಹನ ತಿರುವಿನಲ್ಲಿಯೂ ಭದ್ರವಾಗಿರಬೇಕೆಂಬ ನಿಯಮವಿಲ್ಲ. ಈ ವಾಹನದ ಸುರಕ್ಷತೆ ಬಹುಮಟ್ಟಿಗೆ ಎರಡು ಸಂಗತಿಗಳನ್ನು ಅವಲಂಬಿಸಿದೆ: ಹೊರಡುವ ಮುನ್ನ ಭಾರವನ್ನು ಎಲ್ಲಿ ಇರಿಸಲಾಯಿತು, ತಿರುವಿಗೆ ಮುನ್ನ ವೇಗವನ್ನು ಎಷ್ಟಕ್ಕೆ ಇಳಿಸಲಾಯಿತು.

ವಾಲದ ವಾಹನದ ಸ್ವಭಾವ

ಸೈಕಲ್ ಅಥವಾ ಸ್ಕೂಟರ್ ಸವಾರನು ತಿರುಗುವಾಗ ತನಗರಿವಿಲ್ಲದೆಯೇ ವಾಹನವನ್ನು ತಿರುವಿನ ಒಳಭಾಗಕ್ಕೆ ವಾಲಿಸುತ್ತಾನೆ. ಹೊರಕ್ಕೆ ಎಳೆಯುವಂತೆ ತೋರುವ ಬಲಕ್ಕೆ ಆ ವಾಲಿಕೆಯೇ ಉತ್ತರ. ಮೂರನೆಯ ಚಕ್ರ ಸೇರಿದೊಡನೆ ವಾಲುವ ಸ್ವಾತಂತ್ರ್ಯ ಹೋಗುತ್ತದೆ. ಆಗ ವಾಹನವನ್ನು ಹ್ಯಾಂಡಲ್ ತಿರುಗಿಸಿಯೇ ನಡೆಸಬೇಕು. ಹೊರಮುಖದ ಎಳೆತವನ್ನು ಚಕ್ರಗಳ ನಡುವಣ ಅಗಲವೂ ಭಾರದ ಸ್ಥಾನವೂ ಮಾತ್ರ ತಡೆಯಬಲ್ಲವು. ಮೂರು ಚಕ್ರಗಳು ನೆಲವನ್ನು ಮುಟ್ಟುವ ಬಿಂದುಗಳನ್ನು ಗೆರೆಯಿಂದ ಸೇರಿಸಿದರೆ ಒಂದು ತ್ರಿಕೋನವಾಗುತ್ತದೆ. ವಾಹನ, ಸವಾರ ಮತ್ತು ಹೊರೆಯ ಒಟ್ಟು ಭಾರದ ಕೇಂದ್ರ ತಗ್ಗಿನಲ್ಲಿದ್ದು ಈ ತ್ರಿಕೋನದ ನಡುಭಾಗದ ಮೇಲಿದ್ದಷ್ಟೂ ವಾಹನ ಸ್ಥಿರವಾಗಿರುತ್ತದೆ. ಅದು ಎತ್ತರಕ್ಕೇರಿ ತ್ರಿಕೋನದ ಅಂಚಿಗೆ ಸರಿದಷ್ಟೂ ಮಗುಚುವ ಸಂಭವ ಹೆಚ್ಚುತ್ತದೆ.

ವೇಗದ ಪ್ರಭಾವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 10 ಮೀಟರ್ ತ್ರಿಜ್ಯದ ತಿರುವೊಂದನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ದಾಟುವಾಗ ಹೊರಮುಖದ ಎಳೆತ ಒಟ್ಟು ತೂಕದ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅದೇ ತಿರುವಿನಲ್ಲಿ ವೇಗ 30 ಕಿಲೋಮೀಟರ್ ಆದರೆ ಎಳೆತ ತೂಕದ ಹತ್ತರಲ್ಲಿ ಏಳು ಪಾಲಿಗೆ ಏರುತ್ತದೆ. ವೇಗ ಹೆಚ್ಚಿದ್ದು ಒಂದೂವರೆ ಪಟ್ಟು, ಎಳೆತ ಹೆಚ್ಚಿದ್ದು ಎರಡೂಕಾಲು ಪಟ್ಟು. ಕೇವಲ ಹತ್ತು ಕಿಲೋಮೀಟರಿನ ಆತುರ ಎಷ್ಟು ದುಬಾರಿಯಾಗಬಹುದೆಂಬುದು ಇದರಿಂದ ಸ್ಪಷ್ಟ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಎಡ ತಿರುವು, ಬಲ ತಿರುವು

ನಮ್ಮ ದೇಶದಲ್ಲಿ ಸೈಡ್‌ಕಾರನ್ನು ವಾಹನದ ಎಡಕ್ಕೆ ಜೋಡಿಸುತ್ತಾರೆ. ಎಡಕ್ಕೆ ತಿರುಗುವಾಗ ಭಾರವೆಲ್ಲ ಬಲಕ್ಕೆ ಸರಿದು ಸೈಡ್‌ಕಾರಿನ ಚಕ್ರ ನೆಲದಿಂದ ಮೇಲೇಳಲು ಹವಣಿಸುತ್ತದೆ. ಸೈಡ್‌ಕಾರ್ ಖಾಲಿಯಿದ್ದರಂತೂ ಸಾಧಾರಣ ವೇಗದಲ್ಲಿಯೂ ಅದು ಎದ್ದುಬಿಡಬಹುದು. ಖಾಲಿ ಸೈಡ್‌ಕಾರೇ ತುಂಬಿದ ಸೈಡ್‌ಕಾರಿಗಿಂತ ಹೆಚ್ಚು ಅಪಾಯಕಾರಿ ಎಂಬುದನ್ನು ಹೊಸ ಸವಾರರು ಮೊದಲು ಅರಿಯಬೇಕು. ಒಬ್ಬರೇ ಹೋಗುವಾಗ ಸುಮಾರು 25 ಕಿಲೋ ಮರಳಿನ ಚೀಲವನ್ನು ಸೈಡ್‌ಕಾರಿನ ತಳದಲ್ಲಿ, ಅದರ ಚಕ್ರದ ಸಮೀಪ ಕಟ್ಟಿಡುವುದು ಹಳೆಯ ಸವಾರರ ವಿವೇಕದ ಪದ್ಧತಿ. ಚಕ್ರ ಮೇಲೆದ್ದರೆ ಗಾಬರಿಯಿಂದ ಬ್ರೇಕು ಒತ್ತಬಾರದು. ವೇಗವನ್ನು ಮೆಲ್ಲನೆ ತಗ್ಗಿಸಿ, ರಸ್ತೆಯಲ್ಲಿ ಸ್ಥಳವಿದ್ದರೆ ಹ್ಯಾಂಡಲನ್ನು ಕೊಂಚ ಬಲಕ್ಕೆ ಸಡಿಲಿಸಿದರೆ ಅದು ಮತ್ತೆ ನೆಲ ಮುಟ್ಟುತ್ತದೆ.

ಬಲಕ್ಕೆ ತಿರುಗುವಾಗ ಭಾರ ಸೈಡ್‌ಕಾರಿನ ಚಕ್ರದ ಮೇಲೆ ಒರಗುವುದರಿಂದ ವಾಹನ ಹೆಚ್ಚು ಸ್ಥಿರವೆನಿಸುತ್ತದೆ. ಈ ನೆಮ್ಮದಿ ಮಿತಿಯಿಲ್ಲದ್ದಲ್ಲ. ಸೈಡ್‌ಕಾರಿನ ಮೂತಿಯಲ್ಲಿ ಭಾರವಾದ ಸಾಮಾನನ್ನು ತುಂಬಿ ವೇಗವಾಗಿ ಬಲಕ್ಕೆ ತಿರುಗಿದರೆ ಹಿಂಬದಿಯ ಚಕ್ರವೇ ಮೇಲೆದ್ದು ವಾಹನ ಎಡ ಮುಂಭಾಗಕ್ಕೆ ಮುಗ್ಗರಿಸಬಹುದು.

ಪಕ್ಕದ ಚಕ್ರಗಳನ್ನು ಹಿಂದೆ ಜೋಡಿಸಿದ ಸ್ಕೂಟರಿನ ತ್ರಿಕೋನ ಹಿಂದೆ ಅಗಲ, ಮುಂದೆ ಚೂಪು. ಆಟೋರಿಕ್ಷಾದ ರಚನೆಯೂ ಹೀಗೆಯೇ. ಇವುಗಳಲ್ಲಿ ತಿರುಗುತ್ತಿರುವಾಗಲೇ ಬ್ರೇಕು ಹಾಕುವುದು ಅತ್ಯಂತ ಅಪಾಯಕರ. ಬ್ರೇಕಿನಿಂದ ಭಾರ ಮುಂದಕ್ಕೆ ಸರಿಯುತ್ತದೆ, ತಿರುವಿನಿಂದ ಪಕ್ಕಕ್ಕೆ ಸರಿಯುತ್ತದೆ. ಎರಡೂ ಸೇರಿದಾಗ ಅದು ತ್ರಿಕೋನದ ಕಿರಿದಾದ ಕಡೆಯ ಅಂಚಿಗೆ ಬಂದು ನಿಲ್ಲುತ್ತದೆ. ಆದುದರಿಂದ ರಸ್ತೆ ನೇರವಾಗಿರುವಾಗಲೇ ವೇಗವನ್ನು ಇಳಿಸಿ, ಕೆಳಗಿನ ಗೇರಿಗೆ ಬಂದು, ಬ್ರೇಕನ್ನು ಬಿಟ್ಟು ತಿರುವನ್ನು ಪ್ರವೇಶಿಸಬೇಕು.

ಬ್ರೇಕಿನ ಎಳೆತ

ಸೈಡ್‌ಕಾರಿನ ಚಕ್ರಕ್ಕೆ ಸಾಮಾನ್ಯವಾಗಿ ಎಂಜಿನ್ನಿನ ಚಾಲನೆಯೂ ಇಲ್ಲ, ಅನೇಕ ವಾಹನಗಳಲ್ಲಿ ಬ್ರೇಕೂ ಇಲ್ಲ. ವೇಗ ಹೆಚ್ಚಿಸಿದಾಗ ಸೈಡ್‌ಕಾರ್ ಹಿಂದುಳಿಯಲೆತ್ನಿಸಿ ವಾಹನವನ್ನು ಎಡಕ್ಕೆ ಎಳೆಯುತ್ತದೆ. ಬ್ರೇಕು ಹಾಕಿದಾಗ ಅದೇ ಸೈಡ್‌ಕಾರ್ ಮುಂದೊತ್ತಿ ವಾಹನವನ್ನು ಬಲಕ್ಕೆ, ಅಂದರೆ ಎದುರಿನಿಂದ ಬರುವ ವಾಹನಗಳ ಕಡೆಗೆ ತಿರುಗಿಸುತ್ತದೆ. ಹೊರೆ ಹೆಚ್ಚಿದಷ್ಟೂ ಈ ಎಳೆತ ಹೆಚ್ಚು. ಆದಕಾರಣ ಹ್ಯಾಂಡಲನ್ನು ಎರಡು ಕೈಗಳಿಂದಲೂ ಹಿಡಿದು, ದೂರದಿಂದಲೇ, ಹಂತಹಂತವಾಗಿ ಬ್ರೇಕು ಒತ್ತುವುದನ್ನು ಅಭ್ಯಾಸ ಮಾಡಬೇಕು.

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ವಾಹನ ಒಂದು ಸೆಕೆಂಡಿನಲ್ಲಿ 11 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕಿನತ್ತ ಕೈ ಅಥವಾ ಕಾಲು ಚಲಿಸುವಷ್ಟರಲ್ಲಿಯೇ ಅಷ್ಟು ದೂರ ಕಳೆದುಹೋಗಬಹುದು. ಮುಂದಿನ ವಾಹನದಿಂದ ಹೆಚ್ಚು ಅಂತರವಿರಿಸುವುದೊಂದೇ ಇದಕ್ಕೆ ಪರಿಹಾರ. ಖಂಡಾಳಾ ಘಾಟಿನಂತಹ ದೀರ್ಘ ಇಳಿಜಾರಿನಲ್ಲಿ ಬ್ರೇಕನ್ನು ಎಡೆಬಿಡದೆ ಒತ್ತಿ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಗೇರುಳ್ಳ ವಾಹನವನ್ನು ಕೆಳಗಿನ ಗೇರಿನಲ್ಲಿಯೇ ಇಳಿಸಬೇಕು. ಗೇರಿಲ್ಲದ ವಾಹನವಾದರೆ ಮೊದಲಿನಿಂದಲೇ ನಿಧಾನವಾಗಿ ಸಾಗಿ, ನಡುನಡುವೆ ನಿಲ್ಲಿಸಿ ಬ್ರೇಕು ತಣಿಯಲು ಬಿಡುವುದು ಲೇಸು.

ಹೊರೆಯನ್ನು ಇರಿಸುವ ಬಗೆ

25 ಕಿಲೋ ಅಕ್ಕಿಯ ಮೂಟೆ ಸೈಡ್‌ಕಾರಿನ ತಳದಲ್ಲಿದ್ದರೆ ಸವಾರನಿಗೆ ಸಹಾಯಕ. ಅದೇ ಮೂಟೆ ಸ್ಕೂಟರಿನ ಹಿಂಬದಿಯ ಕ್ಯಾರಿಯರ್ ಮೇಲೆ ನಿಂತರೆ ಶತ್ರು. ತೂಕ ಒಂದೇ, ಸ್ಥಾನ ಬೇರೆ. ಹೊರೆಯನ್ನು ಸಾಧ್ಯವಾದಷ್ಟು ತಗ್ಗಿನಲ್ಲಿ, ಸೈಡ್‌ಕಾರಿನಲ್ಲಾದರೆ ಅದರ ಚಕ್ರದ ಅಚ್ಚಿನ ಸಮೀಪದಲ್ಲಿ ಇರಿಸಬೇಕು. ಪಕ್ಕದ ಚಕ್ರಗಳ ಸ್ಕೂಟರಿನಲ್ಲಿ ಹೊರೆ ಹಿಂಬದಿಯ ಅಚ್ಚಿಗಿಂತ ಮುಂದಿರಬೇಕು. ಅಚ್ಚಿನ ಹಿಂದೆ ತೂಗಾಡುವ ಭಾರ ಮುಂದಿನ ಚಕ್ರವನ್ನು ಹಗುರಗೊಳಿಸುತ್ತದೆ. ಏರುದಾರಿಯಲ್ಲಿ ಆ ಚಕ್ರ ನೆಲದ ಹಿಡಿತ ಕಳೆದುಕೊಂಡರೆ ಹ್ಯಾಂಡಲ್ ತಿರುಗಿಸಿದರೂ ವಾಹನ ತಿರುಗದು. ಎರಡು ಚೀಲಗಳಿದ್ದರೆ ಎರಡು ಪಕ್ಕಗಳಿಗೂ ಸಮನಾಗಿ ಹಂಚಬೇಕು.

ಸರಿದಾಡುವ ಹೊರೆ ತೂಕಕ್ಕಿಂತಲೂ ಕೆಟ್ಟದ್ದು. ಅರ್ಧ ತುಂಬಿದ ನೀರಿನ ಕ್ಯಾನು, ಉರುಳುವ ಡಬ್ಬ, ಕಟ್ಟದ ತೆಂಗಿನಕಾಯಿ ಚೀಲ ಇವು ತಿರುವಿನಲ್ಲಿ ತಪ್ಪಾದ ಗಳಿಗೆಯಲ್ಲಿಯೇ ತಪ್ಪಾದ ಪಕ್ಕಕ್ಕೆ ಸರಿಯುತ್ತವೆ. ಹೊರೆಯನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಹಗ್ಗದಿಂದ ಬಿಗಿದು, ಹಗ್ಗದ ತುದಿ ಚಕ್ರಕ್ಕೆ ಸಿಲುಕದಂತೆ ಸಿಕ್ಕಿಸಬೇಕು. ಒಂದೆರಡು ಕಿಲೋಮೀಟರ್ ಸಾಗಿದ ಮೇಲೆ ನಿಂತು ಇನ್ನೊಮ್ಮೆ ಬಿಗಿಯುವುದು ಉತ್ತಮ.

ಜೊತೆಗಾರನ ಹೊಣೆ

ಸೈಡ್‌ಕಾರ್ ವಾಹನದಲ್ಲಿ ಜೊತೆಗೆ ಬರುವವರು ಒಬ್ಬರೇ ಆಗಿದ್ದರೆ ಅವರು ಸೈಡ್‌ಕಾರಿನಲ್ಲಿಯೇ ಕುಳಿತುಕೊಳ್ಳಬೇಕು. ಅವರನ್ನು ಹಿಂಬದಿಯ ಆಸನದಲ್ಲಿ ಕೂರಿಸಿ ಸೈಡ್‌ಕಾರನ್ನು ಖಾಲಿ ಬಿಟ್ಟರೆ ಭಾರ ಎತ್ತರಕ್ಕೂ ಬಲಕ್ಕೂ ಸರಿಯುತ್ತದೆ. ಎಡ ತಿರುವಿಗೆ ಇದಕ್ಕಿಂತ ಕೆಟ್ಟ ಜೋಡಣೆ ಬೇರಿಲ್ಲ. ಹಿಂಬದಿಯಲ್ಲಿಯೂ ಒಬ್ಬರಿದ್ದರೆ ಅವರು ನೆಟ್ಟಗೆ ಕುಳಿತು, ತಿರುವಿನಲ್ಲಿ ಸವಾರನೊಡನೆ ಒಳಭಾಗಕ್ಕೆ ಮೈ ಒರಗಿಸಬೇಕು. ಹಠಾತ್ತನೆ ಹಿಂದಿರುಗಿ ನೋಡುವುದು, ಬಿದ್ದ ಟವೆಲಿಗೆ ಕೈಚಾಚುವುದು ಇವು ಸಲ್ಲವು.

ವಾಹನ ವಾಲಿದಂತೆ ತೋರಿದಾಗ ಕಾಲನ್ನು ನೆಲಕ್ಕೆ ಊರುವುದು ಎರಡು ಚಕ್ರದ ಸವಾರನ ಸಹಜ ಅಭ್ಯಾಸ. ಮೂರು ಚಕ್ರದ ವಾಹನದಲ್ಲಿ ಇದು ಮಹಾಪಾಯ. ಊರಿದ ಪಾದದ ಮೇಲೆ ಹಿಂದಿನ ಪಕ್ಕದ ಚಕ್ರವೇ ಹಾಯಬಹುದು, ಅಥವಾ ಚೌಕಟ್ಟಿಗೆ ಸಿಲುಕಿ ಕಣಕಾಲಿನ ಮೂಳೆ ಮುರಿಯಬಹುದು. ಸವಾರನೂ ಜೊತೆಗಾರನೂ ಕಾಲುಗಳನ್ನು ಒಳಗೇ ಇರಿಸಿಕೊಳ್ಳಬೇಕು. ಸೀರೆಯ ಸೆರಗು, ದುಪಟ್ಟಾ, ಪಂಚೆಯ ಅಂಚು ಇವನ್ನು ಚೆನ್ನಾಗಿ ಸಿಕ್ಕಿಸಿಕೊಳ್ಳಬೇಕು. ಚಕ್ರಕ್ಕೆ ಸುತ್ತಿದ ದುಪಟ್ಟಾ ಕ್ಷಣಮಾತ್ರದಲ್ಲಿ ಕೊರಳನ್ನು ಬಿಗಿಯಬಲ್ಲದು. ಮಗುವನ್ನು ಸೈಡ್‌ಕಾರಿನಲ್ಲಿ ನಿಲ್ಲಲು ಬಿಡಬಾರದು.

ಹೆಲ್ಮೆಟ್ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. 1988ರ ಮೋಟಾರು ವಾಹನ ಕಾಯಿದೆ ಮೋಟಾರ್ ಸೈಕಲ್ ಎಂಬ ಪದವನ್ನು ನಿರೂಪಿಸುವಾಗ, ಹೆಚ್ಚಿನ ಚಕ್ರವುಳ್ಳ ಕಳಚಬಹುದಾದ ಸೈಡ್‌ಕಾರನ್ನೂ ಅದರಲ್ಲಿಯೇ ಸೇರಿಸಿದೆ. ತಲೆಗೆ ಬೀಳುವ ಪೆಟ್ಟಂತೂ ಚಕ್ರಗಳ ಸಂಖ್ಯೆಯನ್ನು ಎಣಿಸುವುದಿಲ್ಲ. ಸವಾರ, ಹಿಂಬದಿಯವರು, ಸೈಡ್‌ಕಾರಿನಲ್ಲಿ ಕುಳಿತವರು ಎಲ್ಲರೂ ಹೆಲ್ಮೆಟ್ ಧರಿಸಿ ಅದರ ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿಯಬೇಕು.

ಅಂಗವಿಕಲ ಸವಾರರ ವಿಶೇಷ ಎಚ್ಚರ

ಬೆನ್ನುಹುರಿಯ ಪೆಟ್ಟಿನಿಂದ ಕಾಲುಗಳ ಸ್ಪರ್ಶಜ್ಞಾನ ಕುಂದಿರುವವರಿಗೆ ಸೈಲೆನ್ಸರಿನ ಅಥವಾ ಎಂಜಿನ್ನಿನ ಬಿಸಿ ತಿಳಿಯುವುದಿಲ್ಲ. ಮನೆ ತಲುಪಿ ಉಡುಪು ಬದಲಿಸುವಾಗ ಮಾತ್ರ ಸುಟ್ಟ ಗಾಯ ಕಣ್ಣಿಗೆ ಬೀಳುತ್ತದೆ. ಇಂತಹ ಗಾಯ ಮಾಯಲು ದೀರ್ಘಕಾಲ ಬೇಕು. ಬಿಸಿಯಾಗುವ ಭಾಗಗಳಿಗೆ ತಡೆತಗಡು ಹಾಕಿಸಬೇಕು. ಮುಚ್ಚಿದ ಪಾದರಕ್ಷೆ ಧರಿಸಿ, ಕಾಲು ಜಾರದಂತೆ ಪಾದದ ಹಲಗೆಗೆ ಅಂಚು ಇರಿಸಬೇಕು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕುಳಿತರೆ ಪೃಷ್ಠದ ಚರ್ಮದ ಮೇಲೆ ಒತ್ತಡ ಬಿದ್ದು ಹುಣ್ಣಾಗುವ ಭಯವೂ ಉಂಟು. ಮೆತ್ತನೆಯ ದಿಂಬು ಬಳಸಬೇಕು. ದೂರದ ಪ್ರಯಾಣದಲ್ಲಿ ಆಗಾಗ ವಾಹನ ನಿಲ್ಲಿಸಿ, ಕೈಗಳನ್ನೂರಿ ಮೈಯನ್ನು ಎತ್ತಿ ಒತ್ತಡ ತಪ್ಪಿಸಬೇಕು. ರಾತ್ರಿ ಕನ್ನಡಿಯ ಸಹಾಯದಿಂದ ಚರ್ಮವನ್ನು ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ.

ನಡುವಿನ ಸ್ನಾಯುಗಳು ದುರ್ಬಲವಾಗಿರುವವರಿಗೆ ಬೆನ್ನಿನ ಆಸರೆ ಅವಶ್ಯ. ಊರುಗೋಲನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಳ್ಳದೆ, ವಾಹನದ ಉದ್ದಕ್ಕೆ ಪಟ್ಟಿಯಿಂದ ಕಟ್ಟಬೇಕು. ಪಕ್ಕದ ಚಕ್ರಗಳ ಜೋಡಣೆ ಕಾಯಿದೆಯ ದೃಷ್ಟಿಯಿಂದ ವಾಹನದ ಮಾರ್ಪಾಡು. ಅದನ್ನು ನೋಂದಣಿ ಪ್ರಾಧಿಕಾರದ ಒಪ್ಪಿಗೆಯಿಂದ ಮಾಡಿಸಿ, ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳಬೇಕು. ದುರ್ಬಲ ಬೆಸುಗೆಯ ಅಗ್ಗದ ಚೌಕಟ್ಟನ್ನು ನಂಬುವುದು ಪ್ರಾಣವನ್ನೇ ಪಣಕ್ಕೊಡ್ಡಿದಂತೆ.

ಹೊರಡುವ ಮುನ್ನ

ಟೈರುಗಳ ಗಾಳಿಯನ್ನು, ಹೊರೆಯಿರುವಾಗ ಇರಬೇಕಾದಷ್ಟು ಎಂದು ತಯಾರಕರು ಸೂಚಿಸಿದ ಪ್ರಮಾಣಕ್ಕೆ ತುಂಬಿಸಬೇಕು. ಸೈಡ್‌ಕಾರಿನ ಅಥವಾ ಪಕ್ಕದ ಚಕ್ರಗಳ ಚೌಕಟ್ಟಿನ ನಟ್ಟು ಬೋಲ್ಟುಗಳನ್ನೂ ಬೆಸುಗೆಯ ಬಿರುಕುಗಳನ್ನೂ ನೋಡಬೇಕು. ವಾಹನದ ಅಗಲ ಹೆಚ್ಚಿರುವುದನ್ನು ಕತ್ತಲೆಯಲ್ಲಿ ಇತರರು ಗುರುತಿಸುವಂತೆ ಪಕ್ಕದ ಚಕ್ರದ ಬಳಿ ಬೆಳಕನ್ನು ಪ್ರತಿಫಲಿಸುವ ಪಟ್ಟಿ ಇರಬೇಕು. ಎರಡು ಚಕ್ರದಿಂದ ಮೂರು ಚಕ್ರಕ್ಕೆ ಬರುವವರು ನಿರ್ಜನ ಮೈದಾನದಲ್ಲಿ ಮೊದಲು ಒಬ್ಬರೇ, ಅನಂತರ ಮರಳಿನ ಚೀಲದೊಡನೆ, ಕೊನೆಗೆ ಜೊತೆಗಾರರೊಡನೆ ತಿರುವು ಮತ್ತು ಬ್ರೇಕಿನ ಅಭ್ಯಾಸ ಮಾಡಬೇಕು. ಕಲಿಯುವ ಕಾಲದಲ್ಲಿ ಮಡದಿ ಮಕ್ಕಳು ಪ್ರಯೋಗದ ವಸ್ತುಗಳಾಗಬಾರದು.

ಅಪಘಾತ ಸಂಭವಿಸಿದರೆ

ವಾಹನ ಮಗುಚಿದರೆ ಮೊದಲು ಎಂಜಿನ್ ನಿಲ್ಲಿಸಬೇಕು. ಪೆಟ್ರೋಲ್ ಸೋರುತ್ತಿರಬಹುದಾದ್ದರಿಂದ ಯಾರೂ ಬೀಡಿ ಸಿಗರೇಟು ಹಚ್ಚಕೂಡದು. 112 ಅಥವಾ ಹಲವು ರಾಜ್ಯಗಳಲ್ಲಿರುವ 108 ಸಂಖ್ಯೆಗೆ ಕರೆ ಮಾಡಬೇಕು. ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಬೇಕು. ಕುತ್ತಿಗೆ ಅಥವಾ ಬೆನ್ನು ನೋಯುತ್ತಿದೆಯೆಂದವರನ್ನು, ಬೆಂಕಿಯಂತಹ ಅಪಾಯವಿಲ್ಲದಿದ್ದರೆ, ಎತ್ತಿ ಕೂರಿಸಬಾರದು. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದಲ್ಲಿ ಹೆಲ್ಮೆಟನ್ನು ಎಳೆದು ತೆಗೆಯಬಾರದು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಸಹಾಯ ಮಾಡಿದರೆ ಪೊಲೀಸರ ತೊಂದರೆ ಬರುವುದೆಂಬ ಭಯ ಇಂದಿಗೂ ಅನೇಕರಲ್ಲಿದೆ. ಸದುದ್ದೇಶದಿಂದ ನೆರವಾದವರಿಗೆ 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯಿದೆಯೇ ರಕ್ಷಣೆ ಒದಗಿಸಿದೆ.

ನಡೆಯಲಾಗದವರಿಗೆ ಮೂರು ಚಕ್ರದ ವಾಹನ ಉದ್ಯೋಗವನ್ನೂ ಸ್ವಾವಲಂಬನೆಯನ್ನೂ ಕೊಟ್ಟಿದೆ. ಚಿಕ್ಕ ಸಂಸಾರಗಳಿಗೆ ಅದು ಭಾನುವಾರದ ಸಂತೋಷವನ್ನು ಕೊಟ್ಟಿತ್ತು. ಆ ಉಪಕಾರ ಉಳಿಯಬೇಕಾದರೆ ಪ್ರತಿ ಪ್ರಯಾಣಕ್ಕೆ ಮುನ್ನ ಐದು ನಿಮಿಷ ಹೊರೆಯ ಕಟ್ಟನ್ನು, ಟೈರಿನ ಗಾಳಿಯನ್ನು, ಜೊತೆಗಾರರ ಸೆರಗನ್ನು ನೋಡಿಕೊಳ್ಳುವ ತಾಳ್ಮೆ ಸವಾರನಿಗಿರಬೇಕು. ತಿರುವು ಕಂಡೊಡನೆ ಕೈ ತಾನಾಗಿಯೇ ವೇಗ ತಗ್ಗಿಸುವಷ್ಟು ಅಭ್ಯಾಸವಿರಬೇಕು. ಮನೆಯಲ್ಲಿ ದಾರಿ ಕಾಯುವವರಿಗೆ ವಾಹನ ಹತ್ತು ನಿಮಿಷ ತಡವಾಗಿ ಬಂದರೂ ಸರಿಯೇ, ಅದು ಕ್ಷೇಮವಾಗಿ ಬಂದರೆ ಸಾಕು.