ಪೆಲ್ಲೆ ಎಂಬ ಹುಡುಗಿ

ಪುಣಜನೂರಿನ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿದರೆ ಮೊದಲು ಕೇಳುವುದು ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಅಂತ. ಚಾಮರಾಜನಗರ ಬಿಟ್ಟು ಸತ್ಯಮಂಗಲದ ಕಡೆಗೆ ಹೊರಟ ಹೆದ್ದಾರಿ ಇಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡಿನ ಅಂಚು ಹಿಡಿಯುತ್ತದೆ. ಮುಂದೆ ತಮಿಳುನಾಡು. ಗಡಿ ದಾಟಿದರೂ ಮಾತೇನೂ ಬದಲಾಗುವುದಿಲ್ಲ. ರಾಜಕುಮಾರ್ ಹುಟ್ಟಿದ ಗಾಜನೂರು ಆ ಕಡೆ ತಾಳವಾಡಿಯ ಹತ್ತಿರ ಇದೆ, ಅಲ್ಲಿ ಮನೆಮನೆಯಲ್ಲೂ ಕನ್ನಡವೇ. ದಿಂಬಂ ಘಟ್ಟದ 27 ತಿರುವುಗಳಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ, ಹೊತ್ತು ಮುಳುಗುವುದರೊಳಗೆ ಘಟ್ಟ ಇಳಿದುಬಿಡಬೇಕು ಎಂಬ ಧಾವಂತ ಲಾರಿಯವರಿಗೆ. ನನಗೆ ಅಂಥ ಅವಸರವಿರಲಿಲ್ಲ. ಟೀ ಕುಡಿಯುತ್ತ ನಿಂತಿದ್ದೆ.

ರಸ್ತೆಯಿಂದ ತುಸು ಒಳಗೆ ಬಯಲಿನಲ್ಲಿ ಹತ್ತು ಹನ್ನೆರಡು ಹುಡುಗರು ಫುಟ್‌ಬಾಲ್ ಒದೆಯುತ್ತಿದ್ದರು. ಎರಡು ಕಲ್ಲು ಒಂದು ಗೋಲು, ಎರಡು ಚಪ್ಪಲಿ ಇನ್ನೊಂದು ಗೋಲು. ಆಟದಲ್ಲಿ ಒಬ್ಬಳೇ ಹುಡುಗಿ. ಅವಳನ್ನು ನಿಲ್ಲಿಸಿದ್ದು ಗೋಲಿಗೆ. ಗೋಲಿಗೆ ನಿಲ್ಲಲು ಹುಡುಗರಿಗೆ ಯಾರಿಗೂ ಇಷ್ಟವಿರುವುದಿಲ್ಲ ಎಂಬುದು ಎಲ್ಲ ಊರಿನ ಮಾತು. ಬದಿಯಲ್ಲಿ ಇನ್ನಿಬ್ಬರು ಹುಡುಗಿಯರು ಚೆಂಡು ಆಚೆ ಹೋದರೆ ತಂದುಕೊಡುವ ಕೆಲಸಕ್ಕೆ ಕೂತಿದ್ದರು.

ನಾವು ಶಾಲೆಯಲ್ಲಿದ್ದಾಗ ಇಷ್ಟೂ ಇರಲಿಲ್ಲ ಅನ್ನಿ. ಹೋಬಳಿ ಮಟ್ಟದ ಕ್ರೀಡಾಕೂಟ ಬಂತೆಂದರೆ ಗಂಡುಹುಡುಗರಿಗೆ ವಾಲಿಬಾಲ್, ಹೆಣ್ಣುಮಕ್ಕಳಿಗೆ ಥ್ರೋಬಾಲ್. ಅದೇ ನೆಟ್ಟು, ಅದೇ ಕೋರ್ಟು. ಆದರೆ ನಾವು ಚೆಂಡನ್ನು ಹೊಡೆಯುವ ಹಾಗಿಲ್ಲ, ಹಿಡಿದು ಆಚೆ ಎಸೆಯಬೇಕು. ಯಾಕೆ ಎಂದು ನಾವು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಹೆಣ್ಣುಮಕ್ಕಳ ಅಳತೆಗೆ ಕತ್ತರಿಸಿಕೊಟ್ಟ ಆಟ ಅದು ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಸ್ವೀಡನ್ನಿನ ಫುಟ್‌ಬಾಲ್ ಆಟಗಾರ್ತಿ ಪಿಯಾ ಸುಂದ್‌ಹಾಗೆ ಬಗ್ಗೆ ಓದುವಾಗ.

ಪಿಯಾ ಹುಟ್ಟಿದ್ದು 1960ರ ಫೆಬ್ರುವರಿ 13ರಂದು, ಉಲ್ರಿಸೆಹಾಮ್ನ್ ಎಂಬ ಪೇಟೆಯಲ್ಲಿ. ಬೆಳೆದದ್ದು ಅದರ ಪಕ್ಕದ ಮಾರ್ಬೆಕ್ ಎಂಬ ಹಳ್ಳಿಯಲ್ಲಿ. ಹುಡುಗಿಗೆ ಚೆಂಡಿನ ಹುಚ್ಚು, ಆದರೆ ಹುಡುಗಿಯರ ತಂಡವೇ ಇಲ್ಲ. ಹುಡುಗರ ತಂಡದಲ್ಲಿ ಹುಡುಗಿ ಆಡುವಂತಿಲ್ಲ. ಅಲ್ಲಿನ ಕೋಚ್ ಒಂದು ಉಪಾಯ ಹುಡುಕಿದರು. ಪಿಯಾ ಎಂಬ ಹೆಸರು ಬೇಡ, ಪೆಲ್ಲೆ ಎಂದು ಬರೆಸೋಣ ಅಂದರು. ಪೆಲ್ಲೆ ಅಂದರೆ ಸ್ವೀಡಿಷ್ ಮನೆಗಳಲ್ಲಿ ಗಂಡುಹುಡುಗರನ್ನು ಕರೆಯುವ ಹೆಸರು, ನಮ್ಮಲ್ಲಿ ಪುಟ್ಟ, ಚಿಕ್ಕ ಅಂದ ಹಾಗೆ. ಕಾಗದದ ಮೇಲೆ ಪೆಲ್ಲೆಯಾಗಿ ಪಿಯಾ ಮೈದಾನಕ್ಕೆ ಇಳಿದಳು. ಚೆಕ್‌ಪೋಸ್ಟಿನಲ್ಲಿ ಬೇರೆ ಹೆಸರು ಬರೆಸಿ ಗಡಿ ದಾಟಿದ ಹಾಗೆ.

ಹೆಂಗಸರು ಫುಟ್‌ಬಾಲ್ ಆಡಬಾರದೆಂಬುದು ಆ ಹಳ್ಳಿಯೊಂದರ ಪದ್ಧತಿಯಲ್ಲ, ಯುರೋಪಿನ ಉದ್ದಗಲದ ಕಥೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಕಾರ್ಖಾನೆಯ ಹೆಣ್ಣುಮಕ್ಕಳ ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ವರ್ಷ ತುಂಬುವಷ್ಟರಲ್ಲಿ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳ ಮೈದಾನವನ್ನು ಹೆಂಗಸರಿಗೆ ಮುಚ್ಚಿತು. ಈ ಆಟ ಹೆಂಗಸರಿಗೆ ಹೇಳಿಸಿದ್ದಲ್ಲ ಎಂಬುದು ಕಾರಣ. ಯಾರೂ ನೋಡುತ್ತಿಲ್ಲ ಎಂದು ಮುಚ್ಚಿದ್ದರೆ ಒಂದು ಮಾತು. ನೋಡುವವರು ಹೆಚ್ಚಾದ ಮೇಲೆ ಮುಚ್ಚಿದ್ದು! ಆ ಬಾಗಿಲು ತೆರೆಯಲು ಐವತ್ತು ವರ್ಷ ಹಿಡಿಯಿತು. ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ ನಿಷೇಧವಿತ್ತು. ಯುರೋಪಿನಾಚೆ, ಬ್ರೆಜಿಲ್‌ನಲ್ಲಂತೂ 1941ರಲ್ಲಿ ಸರ್ಕಾರವೇ ಆಜ್ಞೆ ಹೊರಡಿಸಿತು, ಅದು ತೆರವಾದದ್ದು 1979ರಲ್ಲಿ. ಪೆಲೆಯ ನಾಡಿನಲ್ಲಿ ಪೆಲೆ ಆಡುತ್ತಿದ್ದ ಕಾಲದಲ್ಲಿ ಹೆಣ್ಣು ಚೆಂಡು ಒದ್ದರೆ ಕಾನೂನುಬಾಹಿರ.

ಸ್ವೀಡನ್ನಿನ ಮಹಿಳಾ ತಂಡ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 1973ರಲ್ಲಿ. ಎರಡೇ ವರ್ಷದಲ್ಲಿ, 15ನೇ ವಯಸ್ಸಿಗೆ, ಪಿಯಾ ಆ ತಂಡಕ್ಕೆ ಬಂದಳು. ಈಗ ಸ್ವಂತ ಹೆಸರಿನಲ್ಲಿ. ಅಲ್ಲಿಂದ 1996ರವರೆಗೆ 146 ಪಂದ್ಯ, 71 ಗೋಲು. ಮುಖ್ಯವಾಗಿ ಫಾರ್ವರ್ಡ್. ತಂಡಕ್ಕೆ ಬೇಕಾದಾಗ ಮಧ್ಯದಲ್ಲೂ ಆಡಿದವರು, ರಕ್ಷಣೆಗೂ ನಿಂತವರು.

ಅವರ ಬದುಕಿನಲ್ಲಿ ನಾನು ಮತ್ತೆ ಮತ್ತೆ ಮರಳುವುದು 1984ರ ಮೇ ತಿಂಗಳಿಗೆ. ಯುರೋಪಿನ ಮೊದಲ ಮಹಿಳಾ ಟೂರ್ನಿ. ಹೆಸರು ‘ಚಾಂಪಿಯನ್‌ಷಿಪ್’ ಅಲ್ಲ, ಬರೀ ‘ಸ್ಪರ್ಧೆ’. ನಾಡುನಾಡುಗಳ ತಂಡಗಳು ಇನ್ನೂ ಸಾಲದು, ಪೂರ್ತಿ ಮಾನ್ಯತೆ ಕೊಡಲಾಗದು ಎಂಬ ಲೆಕ್ಕ. ಪಂದ್ಯ ಎಷ್ಟು ಹೊತ್ತು? ಗಂಡಸರದ್ದು 90 ನಿಮಿಷವಾದರೆ ಇವರದ್ದು 70. ಚೆಂಡು? ಗಂಡಸರದ್ದು ಐದನೇ ಸೈಜು, ಇವರಿಗೆ ಮಕ್ಕಳು ಆಡುವ ನಾಲ್ಕನೇ ಸೈಜು. ಥ್ರೋಬಾಲ್ ನೆನಪಾಯಿತು ಎಂದೆನಲ್ಲ, ಇದನ್ನು ಓದಿಯೇ.

ಫೈನಲ್ ಎರಡು ಕಂತಿನದು. ಮೇ 12ರಂದು ಗೋಥೆನ್‌ಬರ್ಗ್‌ನಲ್ಲಿ ಪಿಯಾ ತಲೆಯಿಂದ ಹೊಡೆದ ಗೋಲಿನಲ್ಲಿ ಸ್ವೀಡನ್ 1–0. ಮೇ 27ರಂದು ಇಂಗ್ಲೆಂಡಿನ ಲೂಟನ್ ಊರಿನಲ್ಲಿ ಎರಡನೆಯದು. ಮಳೆ ಸುರಿದು ಮೈದಾನವೆಲ್ಲ ಕೆಸರು, ನಾಟಿಗೆ ಹದ ಮಾಡಿಟ್ಟ ಗದ್ದೆಯ ಹಾಗೆ. ಚೆಂಡು ಬಿದ್ದಲ್ಲೇ ಕೂರುತ್ತಿತ್ತು. ಇಂಗ್ಲೆಂಡ್ 1–0 ಗೆದ್ದು ಒಟ್ಟು ಲೆಕ್ಕ ಸಮವಾಯಿತು, ಪೆನಾಲ್ಟಿ ಶೂಟೌಟ್ ಬಂತು. ಸ್ವೀಡನ್ನಿನ ಗೋಲ್‌ಕೀಪರ್ ಎಲಿಸಬೆತ್ ಲೈಡಿಂಗೆ ಎರಡು ಒದೆತ ತಡೆದರು. ಕೊನೆಯ ಒದೆತ ಪಿಯಾದು. ಹಾಕಿದರು, 4–3. ಸ್ವೀಡನ್ ಮಹಿಳಾ ತಂಡ ಇಂದಿನವರೆಗೆ ಗೆದ್ದ ಒಂದೇ ಒಂದು ದೊಡ್ಡ ಕಪ್ ಅದು. ಅದಾದ ಮೇಲೆ ಬೆಳ್ಳಿ ಬಂದಿವೆ, ಕಂಚು ಬಂದಿವೆ. ಚಿನ್ನ ಮಾತ್ರ ಆ ಕೆಸರಿನಲ್ಲಿ ಸಿಕ್ಕಿದ್ದೇ.

ಆಮೇಲೆ ಅಳತೆ ಒಂದೊಂದೇ ಅಂಗುಲ ಬೆಳೆಯಿತು. 1988ರಲ್ಲಿ ಸ್ವೀಡನ್ನಿಗೆ ಮಹಿಳೆಯರ ರಾಷ್ಟ್ರೀಯ ಲೀಗ್ ಬಂತು. ಅದೇ ವರ್ಷ ಪಿಯಾ ಚಿತ್ರವಿರುವ ಅಂಚೆಚೀಟಿ ಹೊರಬಂತು. 1991ರಲ್ಲಿ ಚೀನಾದಲ್ಲಿ ಮೊದಲ ಮಹಿಳಾ ವಿಶ್ವಕಪ್, ಪಂದ್ಯಕ್ಕೆ 80 ನಿಮಿಷ. ಸ್ವೀಡನ್ನಿಗೆ ಕಂಚು. 1995ರಲ್ಲಿ ಸ್ವೀಡನ್ನಿನಲ್ಲೇ ವಿಶ್ವಕಪ್ ನಡೆದಾಗ ಕೊನೆಗೂ 90 ನಿಮಿಷ. ಆಗಲೂ ಫಿಫಾಗೆ ಸುಮ್ಮನಿರಲಾಗಲಿಲ್ಲ. ಒಂದೊಂದು ಅರ್ಧಕ್ಕೆ ಎರಡು ನಿಮಿಷದ ಟೈಮ್‌ಔಟ್ ಇಟ್ಟು ನೋಡಿತು. ಹೊಸ ಪ್ರಯೋಗಕ್ಕೆ ಸಿಕ್ಕಿದ್ದು ಹೆಂಗಸರ ಟೂರ್ನಿ. 1996ರ ಅಟ್ಲಾಂಟಾದಲ್ಲಿ ಮಹಿಳಾ ಫುಟ್‌ಬಾಲ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂತು, ಪಿಯಾ ಅದನ್ನೂ ಆಡಿ ಬೂಟು ಕಳಚಿದರು. ಪೆಲ್ಲೆಯಾಗಿ ಶುರುವಾದ ಆಟ ಪೂರ್ತಿ ತೊಂಬತ್ತು ನಿಮಿಷಕ್ಕೆ ಮುಟ್ಟಿದ ಮೇಲೆ.

ಇಷ್ಟಕ್ಕೇ ಮುಗಿದಿದ್ದರೂ ಸಾಕಿತ್ತು. ಆದರೆ ಕೋಚ್ ಆದ ಪಿಯಾ ಇನ್ನೂ ರಸವತ್ತಾದ ವ್ಯಕ್ತಿ. 2007ರ ಕೊನೆಯಲ್ಲಿ ಅಮೆರಿಕ ತಂಡ ಅವರ ಕೈಗೆ ಬಂದಾಗ ಅದು ಒಡೆದ ಮನೆ. ವಿಶ್ವಕಪ್ ಸೆಮಿಫೈನಲ್‌ಗೆ ಗೋಲ್‌ಕೀಪರ್ ಹೋಪ್ ಸೋಲೊರನ್ನು ಹೊರಗಿಟ್ಟು ಬ್ರೆಜಿಲ್ ಎದುರು 0–4ರಲ್ಲಿ ಸೋತಿದ್ದರು, ಆಮೇಲೆ ಸೋಲೊ ಬಹಿರಂಗವಾಗಿ ಸಿಡಿದಿದ್ದರು. ತಂಡದಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೊದಲ ಸಭೆಗೆ ಪಿಯಾ ಗಿಟಾರ್ ಹಿಡಿದು ಬಂದು ಬಾಬ್ ಡಿಲನ್‌ನ ಹಾಡು ಹಾಡಿದರು. ಭಾಷಣವಿಲ್ಲ, ಬುದ್ಧಿವಾದವಿಲ್ಲ. ಸೋಲೊ ಮತ್ತೆ ಗೋಲಿಗೆ ಬಂದರು. 2008ರ ಬೀಜಿಂಗ್‌ನಲ್ಲಿ ಚಿನ್ನ, 2012ರ ಲಂಡನ್‌ನಲ್ಲಿ ಇನ್ನೊಂದು. 

ನಡುವೆ 2011ರ ವಿಶ್ವಕಪ್ಪಿನಲ್ಲಿ ಅವರ ಅಮೆರಿಕ ತಂಡ ಲೀಗ್ ಹಂತದಲ್ಲಿ ಸ್ವೀಡನ್ ಎದುರು 1–2ರಲ್ಲಿ ಸೋತಿತು. ಹೆತ್ತ ನಾಡೇ ಸೋಲಿಸಿತು. ಆ ಸ್ವೀಡನ್ ತಂಡದ ಕೋಚ್ ಥಾಮಸ್ ಡೆನ್ನರ್‌ಬಿ. ಈ ಹೆಸರು ನೆನಪಿಡಿ, ನಮ್ಮ ದೇಶಕ್ಕೂ ಬರುತ್ತದೆ.

2016ರ ರಿಯೊ ಒಲಿಂಪಿಕ್ಸ್‌ಗೆ ಪಿಯಾ ಸ್ವೀಡನ್ ಕೋಚ್ ಆಗಿ ಹೋದರು. ಕ್ವಾರ್ಟರ್‌ಫೈನಲ್‌ನಲ್ಲಿ ಎದುರಿಗೆ ಅಮೆರಿಕ, ಗೋಲಿಗೆ ಅದೇ ಸೋಲೊ. ಪಿಯಾ ಹುಡುಗಿಯರು ಹಿಂದೆ ಸರಿದು ಕೋಟೆ ಕಟ್ಟಿ ಕೂತರು, ಸಿಕ್ಕಾಗ ಮುನ್ನುಗ್ಗಿದರು. 1–1, ಪೆನಾಲ್ಟಿಯಲ್ಲಿ ಸ್ವೀಡನ್ ಗೆಲುವು. ಸೋಲೊ ಸಿಟ್ಟಿನಲ್ಲಿ ಸ್ವೀಡನ್ನಿನವರನ್ನು ಹೇಡಿಗಳ ಗುಂಪು ಎಂದುಬಿಟ್ಟರು. ಗೆದ್ದರೆ ಹೇಡಿಯಾದರೂ ಪರವಾಗಿಲ್ಲ ಎಂಬುದು ಪಿಯಾ ಕೊಟ್ಟ ಉತ್ತರ. ಸೆಮಿಫೈನಲ್‌ನಲ್ಲಿ ಮರಕಾನಾದಲ್ಲೇ ಬ್ರೆಜಿಲ್ಲನ್ನು ಮತ್ತೆ ಪೆನಾಲ್ಟಿಯಲ್ಲಿ ಮಣಿಸಿ, ಫೈನಲ್‌ನಲ್ಲಿ ಜರ್ಮನಿ ಎದುರು ಸೋತು ಬೆಳ್ಳಿ ತಂದರು. ಆ ರಕ್ಷಣೆಯ ಆಟ ಕಣ್ಣಿಗೆ ಹಬ್ಬವಲ್ಲ, ನನಗೂ ಬೇಸರವೇ. ಆದರೆ ಕೈಯಲ್ಲಿರುವ ಆಟಗಾರರನ್ನು ನೋಡಿ ಆಟ ಹೆಣೆಯುವವರೇ ಕೋಚು ಎಂದು ಒಪ್ಪಬೇಕು.

2019ರಿಂದ 2023ರವರೆಗೆ ಬ್ರೆಜಿಲ್. ಹೆಂಗಸರ ಫುಟ್‌ಬಾಲನ್ನು ಕಾನೂನಿನಿಂದಲೇ ನಿಷೇಧಿಸಿದ್ದ ಆ ನಾಡಿನಲ್ಲಿ ಪಿಯಾ ತರಬೇತಿ ಕೊಟ್ಟವರಲ್ಲಿ ಮಾರ್ತಾ ಕೂಡ ಒಬ್ಬರು. ಈ ಮಾರ್ತಾ ಹದಿಹರೆಯದಲ್ಲೇ 2004ರಲ್ಲಿ ಬ್ರೆಜಿಲ್ ಬಿಟ್ಟು ಉತ್ತರ ಸ್ವೀಡನ್ನಿನ ಉಮಿಯೋ ಕ್ಲಬ್ಬಿಗೆ ಆಡಲು ಹೋದವರು, ಮುಂದೆ ಸ್ವೀಡನ್ ಪೌರತ್ವವನ್ನೂ ಪಡೆದವರು. 2022ರಲ್ಲಿ ಕೋಪಾ ಅಮೆರಿಕ ಗೆದ್ದರೂ, 2023ರ ವಿಶ್ವಕಪ್ಪಿನಲ್ಲಿ ಜಮೈಕಾ ಎದುರು ಗೋಲಿಲ್ಲದೆ ಡ್ರಾ ಆಗಿ ಲೀಗ್ ಹಂತದಲ್ಲೇ ಬ್ರೆಜಿಲ್ ಹೊರಬಿತ್ತು. ಪಿಯಾ ಕೆಲಸವೂ ಹೋಯಿತು.

ಇನ್ನು ಡೆನ್ನರ್‌ಬಿ. ಅದೇ 2011ರಲ್ಲಿ ಸ್ವೀಡನ್ನಿಗೆ ಕಂಚು ತಂದಾತ 2019ರಲ್ಲಿ ಭಾರತದ 17 ವರ್ಷದೊಳಗಿನ ಹುಡುಗಿಯರ ಕೋಚ್ ಆಗಿ ಬಂದರು. ಕೋವಿಡ್ ಬಂದು ಆ ವಯಸ್ಸಿನವರ ವಿಶ್ವಕಪ್ಪು ರದ್ದಾಯಿತು. 2021ರಲ್ಲಿ ಹಿರಿಯರ ತಂಡ ಅವರ ಪಾಲಿಗೆ ಬಂತು. 2022ರ ಜನವರಿಯಲ್ಲಿ ನಮ್ಮದೇ ನೆಲದಲ್ಲಿ ಏಷ್ಯಾ ಕಪ್. ಇರಾನ್ ಜೊತೆ 0–0, ಮುಂದಿನ ಪಂದ್ಯದ ಹೊತ್ತಿಗೆ ತಂಡದಲ್ಲಿ ಕೋವಿಡ್ ಹರಡಿ ನಿಯಮಕ್ಕೆ ಬೇಕಾದ ಕನಿಷ್ಠ ಹದಿಮೂರು ಜನರನ್ನು ಹೊಂದಿಸುವುದಕ್ಕೂ ಆಗಲಿಲ್ಲ. ಆತಿಥೇಯರೇ ಟೂರ್ನಿಯಿಂದ ಹೊರಗೆ. ಆ ಅಕ್ಟೋಬರ್‌ನಲ್ಲಿ ಕಿರಿಯರ ವಿಶ್ವಕಪ್ ಭಾರತದಲ್ಲಿ ನಡೆದಾಗ ಭುವನೇಶ್ವರದಲ್ಲಿ ಅಮೆರಿಕ ಎದುರು 0–8, ಮೊರಾಕೊ ಎದುರು 0–3, ಬ್ರೆಜಿಲ್ ಎದುರು 0–5.

ಅಂಕಿ ನೋಡಿ ನಕ್ಕವರಿದ್ದಾರೆ. ನನಗೆ ನೆನಪಿರುವುದು ಆ ತಂಡದ ನಾಯಕಿ ಅಸ್ತಮ್ ಓರಾಂವ್. ಜಾರ್ಖಂಡ್‌ನ ಗುಮ್ಲಾ ಜಿಲ್ಲೆಯ ಆದಿವಾಸಿ ಹುಡುಗಿ. ಮಗಳು ದೇಶದ ನಾಯಕಿಯಾದಳೆಂದು ಊರಿಗೆ ರಸ್ತೆ ಮಾಡಲು ಆಡಳಿತ ಹೊರಟಿತು. ಆ ರಸ್ತೆಯ ಕೆಲಸಕ್ಕೆ ಕೂಲಿಯಾಗಿ ಹೋದವರಲ್ಲಿ ಅವಳ ತಂದೆತಾಯಿಯೂ ಇದ್ದರು. ಪುಣಜನೂರಿನ ಸುತ್ತಲ ಸೋಲಿಗ ಆದಿವಾಸಿಗಳ ಪೋಡುಗಳನ್ನು, ಅಂದರೆ ಹಾಡಿಗಳನ್ನು, ಕಂಡವರಿಗೆ ಈ ಚಿತ್ರ ಬಿಡಿಸಿ ಹೇಳಬೇಕಿಲ್ಲ.

ಭಾರತದಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಹೊಸದೇನೂ ಅಲ್ಲ. ಪಿಯಾ ಸ್ವೀಡನ್ ತಂಡ ಸೇರಿದ 1975ರಲ್ಲೇ ಲಖನೌದಲ್ಲಿ ಮಹಿಳಾ ಫುಟ್‌ಬಾಲ್ ಸಂಸ್ಥೆ ಹುಟ್ಟಿತು. 1980ರ ಆರಂಭದಲ್ಲಿ ಕೋಯಿಕ್ಕೋಡಿನಲ್ಲಿ ನಡೆದ ಏಷ್ಯಾ ಟೂರ್ನಿಯಲ್ಲಿ ನಾವು ಫೈನಲ್ ತಲುಪಿದ್ದೆವು, 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೊಮ್ಮೆ. ಹೊರಟದ್ದು ಒಟ್ಟಿಗೇ. ಸ್ವೀಡನ್ನಿಗೆ 1988ರಲ್ಲಿ ಬಂದ ರಾಷ್ಟ್ರೀಯ ಲೀಗ್ ನಮಗೆ ಬಂದದ್ದು 2016–17ರಲ್ಲಿ. ವ್ಯತ್ಯಾಸ ಅಷ್ಟೇ, ಅಂದರೆ ಸುಮಾರು ಮೂವತ್ತು ವರ್ಷ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಆ ಲೀಗಿನ ಫೈನಲ್ ಮುಟ್ಟಿ ಗೋಕುಲಂ ಕೇರಳಕ್ಕೆ 0–5ರಲ್ಲಿ ಸೋತಿತು. ಬೆಂಗಳೂರಿನಿಂದ ಚಾಮರಾಜನಗರಕ್ಕೆ ರೈಲಿದೆ, ಆ ಲೀಗಿನ ಸುದ್ದಿ ಮಾತ್ರ ಇಲ್ಲಿಯವರೆಗೆ ಬಂದ ಹಾಗೆ ಕಾಣಲಿಲ್ಲ.

2025ರ ಜುಲೈನಲ್ಲಿ ಪಿಯಾ ಸ್ವಿಟ್ಜರ್‌ಲೆಂಡ್‌ನ ಕೋಚ್. ಯುರೋ ಟೂರ್ನಿಯೂ ಅಲ್ಲೇ. 17ರಂದು ಜ್ಯೂರಿಕ್‌ನಲ್ಲಿ ಸ್ವೀಡನ್, ಇಂಗ್ಲೆಂಡ್ ಮುಖಾಮುಖಿ, 2–2, ಮತ್ತೆ ಪೆನಾಲ್ಟಿ. ಲೂಟನ್ನಿನ ಕೆಸರಿಗೆ 41 ವರ್ಷ ತುಂಬಿತ್ತು. ಈ ಸಲ ಸ್ವೀಡನ್ನಿನ ಒದೆತಗಳು ಒಂದರ ಹಿಂದೊಂದು ತಪ್ಪಿ 2–3ರಲ್ಲಿ ಸೋತರು. ಮರುದಿನ ಬರ್ನ್‌ನಲ್ಲಿ ಪಿಯಾ ತಂಡವೂ ಸ್ಪೇನ್ ಎದುರು 0–2ರಲ್ಲಿ ಸೋತಿತು. ಸ್ವಿಸ್ ಹುಡುಗಿಯರು ಯುರೋ ಕ್ವಾರ್ಟರ್‌ಫೈನಲ್ ಕಂಡದ್ದೇ ಅದು ಮೊದಲು. ತೊಂಬತ್ತು ನಿಮಿಷ, ಐದನೇ ಸೈಜಿನ ಚೆಂಡು, ತುಂಬಿದ ಮೈದಾನ.

ಟೀ ಮುಗಿಸಿ ಬಯಲಿಗೆ ಇಳಿದೆ. ಹುಡುಗರು ನೀರು ಕುಡಿಯಲು ನಿಂತಿದ್ದರು. ಗೋಲಿಗೆ ನಿಂತವಳಿಗೆ, ಚೆಂಡು ತರುವ ಇಬ್ಬರಿಗೆ ಪೆಲ್ಲೆಯ ಕಥೆ ಹೇಳಿದೆ. ಹೆಸರು ಬದಲಿಸಿದ್ದು ಕೇಳಿ ಮೂವರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಒಲಿಂಪಿಕ್ಸು, ಚಿನ್ನ ಯಾವುದೂ ಅವರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಗೋಲಿಯವಳು ಮಾತ್ರ ನಗು ನಿಲ್ಲಿಸಿ ಕೇಳಿದಳು:

“ಅಕ್ಕಾ, ಹೆಸ್ರ ಬದ್ಲಾಯಿಸ್ಕಂಡ ಮ್ಯಾಲ, ಮನೇಲಿ ಅವ್ರವ್ವ ಯಾನಂತ ಕೂಗ್ತಿದ್ರು?”

ನಾನು ಬಾಯಿ ತೆರೆಯುವಷ್ಟರಲ್ಲಿ ಚೆಂಡು ಅವಳ ಕಡೆಗೇ ಉರುಳಿ ಬರುತ್ತಿತ್ತು. ಅವಳು ಚಪ್ಪಲಿಗಳ ನಡುವೆ ಹೋಗಿ ನಿಂತಳು.